ಸಂಜೆಯ ಶ್ರುತಿ, ಮುಂಜಾನೆಯ ಹಾಡು

ನಮ್ಮ ಓಣಿಯ ಮಂಜುಳಾ ಮನೆಯಲ್ಲೇ ಹಾಡು ರೆಕಾರ್ಡ್ ಮಾಡುತ್ತಾಳೆ. ವಾರದ ದಿನ ಕಾಲೇಜಿನಲ್ಲಿ ಪಾಠ, ರಜೆ ಬಂದರೆ ಈ ಕೆಲಸ. ಹೋದ ತಿಂಗಳು ನನ್ನನ್ನು ಕರೆದು ಕಂಪ್ಯೂಟರಿನ ಮುಂದೆ ಕೂರಿಸಿ ಒಂದು ಫೈಲು ತೆರೆದು ತೋರಿಸಿದಳು. ತೆರೆದ ಕೂಡಲೇ ಎಲ್ಲ ಸಿದ್ಧ. ತಂಬೂರಿ ಒಂದು ಸಾಲಿನಲ್ಲಿ, ತಬಲಾ ಇನ್ನೊಂದರಲ್ಲಿ, ಹಾಡುವವರ ದನಿಗೆ ಒಂದು ಖಾಲಿ ಸಾಲು, ಆ ದನಿಗೆ ಬೇಕಾದ ಗುಂಗು, ಏರಿಳಿತ ಎಲ್ಲವೂ ಮೊದಲೇ ಕೂರಿಸಿಟ್ಟದ್ದು. ಅದಕ್ಕೆ ಟೆಂಪ್ಲೇಟು ಅನ್ನುತ್ತಾರಂತೆ. ಮೊದಲು ಅರ್ಧ ದಿನ ತಯಾರಿಗೇ ಹೋಗುತ್ತಿತ್ತು, ಈಗ ಬಂದವರು ಹಾಡುವುದೊಂದೇ ಬಾಕಿ ಎಂದು ಹೇಳಿ, ನಾನು ಬೆರಗಾಗಲಿ ಎಂದು ಕಾದಳು.

ನಾನು ಬೆರಗಾಗಲಿಲ್ಲ. ಇದೇ ಕೆಲಸವನ್ನು ನಾನು ಎಂಬತ್ತರ ದಶಕದಲ್ಲಿ, ಇದೇ ರಾಯಚೂರಿನಲ್ಲಿ, ಸುಣ್ಣದ ಕಡ್ಡಿ, ಉಗುರು ಬಣ್ಣ ಮತ್ತು ಒಂದು ಹಳೆಯ ಸ್ಪೂಲ್ ಟೇಪಿನಿಂದ ಮಾಡಿದ್ದೆ. ಹಾಗೆಂದೆ. ಅವಳು ನಕ್ಕಳು. ಆಮೇಲೆ, ಈ ಕೆಲಸಕ್ಕೆ ಹೊಸದಾಗಿ ಇಳಿಯುತ್ತಿರುವ ಅವಳಂಥವರಿಗಾಗಿ ಅದನ್ನೆಲ್ಲ ಬರೆದುಕೊಡಿ ಎಂದು ಬೆನ್ನು ಹತ್ತಿದಳು. ಸರಿ, ಬರೆಯುತ್ತೇನೆ. ಯಾರು ಶಾಲು ಹೊದಿಸಿದರು, ಯಾವ ಕ್ಯಾಸೆಟ್ಟು ಎಷ್ಟು ಓಡಿತು ಎಂಬುದನ್ನು ಬರೆಯುವುದಿಲ್ಲ. ಶಾಲನ್ನು ನುಸಿ ತಿಂದಿದೆ, ಕ್ಯಾಸೆಟ್ಟಿಗೆ ಬೂಸಲು ಹಿಡಿದಿದೆ. ನಾನು ಮಾಡಿದ ಒಂದು ತಪ್ಪಿದೆ, ಅದಕ್ಕೆ ಮಾತ್ರ ಏನೂ ಹಿಡಿದಿಲ್ಲ.

ಕೆಲಸ ಕಲಿತದ್ದು ದೇವದುರ್ಗದಲ್ಲಿ, ಸಂಗಪ್ಪ ಉಸ್ತಾದರ ಮೈಕ್‌ಸೆಟ್ಟಿನ ಅಂಗಡಿಯಲ್ಲಿ. ಎಪ್ಪತ್ತರ ದಶಕದ ನಡುವಿನ ಮಾತು. ಮದುವೆ, ಜಾವಳ, ಮೊಹರಮ್ಮಿನ ಅಲಾಯಿ ಹಬ್ಬ, ಓಟಿನ ಭಾಷಣ, ಎಲ್ಲಕ್ಕೂ ನಮ್ಮ ಕರಿ ಹಾರ್ನೇ ಬೇಕು. ಉಸ್ತಾದರ ಹತ್ತಿರ ಎರಡು ಚಕ್ರದ ಮೇಲೆ ಟೇಪು ಸುತ್ತುವ ಒಂದು ಸ್ಪೂಲ್ ಟೇಪ್ ರೆಕಾರ್ಡರ್ ಇತ್ತು. ಹೈದರಾಬಾದಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಭಜನೆ, ತತ್ವಪದ ಎಲ್ಲೇ ನಡೆದರೂ ಅದನ್ನು ಬಸ್ಸಿನ ಮೇಲೆ ಹೇರಿಸಿ ಒಯ್ಯುತ್ತಿದ್ದರು. ಕೂಲಿಗಲ್ಲ, ಹುಚ್ಚಿಗೆ.

ಉಸ್ತಾದರು ಮಾತು ಕಡಿಮೆ, ಸಿಟ್ಟು ಜಾಸ್ತಿ. ಮೊದಲ ವರ್ಷ ನನ್ನನ್ನು ಮಷೀನು ಮುಟ್ಟಗೊಡಲಿಲ್ಲ. ಎರಡನೆಯ ವರ್ಷ ಜಾಲಹಳ್ಳಿಯ ಭಜನೆಗೆ ನನ್ನೊಬ್ಬನನ್ನೇ ಕಳಿಸಿದರು. ನಾನು ಬಲು ಗತ್ತಿನಿಂದ ಕೂತು, ಸೂಜಿ ಕುಣಿಯುವುದನ್ನು ನೋಡುತ್ತ, ಎರಡು ತಾಸು ರೆಕಾರ್ಡ್ ಮಾಡಿಕೊಂಡು ಬಂದೆ. ಅಂಗಡಿಯಲ್ಲಿ ಹಚ್ಚಿ ನೋಡಿದರೆ ಬರೀ ಸುಯ್ ಎಂಬ ಸದ್ದು. ಕೆಂಪು ಗುಂಡಿ ಒತ್ತಿದ್ದೆ, ಅದರ ಪಕ್ಕದ ತಡೆಗುಂಡಿಯನ್ನು ಎತ್ತುವುದು ಮರೆತಿದ್ದೆ. ಉಸ್ತಾದರು ಬಯ್ಯಲಿಲ್ಲ. ಆ ಸುಯ್ ಸದ್ದನ್ನು ಪೂರ್ತಿ ಎರಡು ತಾಸು ನನಗೆ ಕೇಳಿಸಿದರು. ಎದ್ದು ಹೋಗಲು ಬಿಡಲಿಲ್ಲ.

ಅವರದೊಂದು ನಿಯಮವಿತ್ತು. ಹಾಡುವವರು ಬಂದು ಕೂತ ಮೇಲೆ ಮೊದಲ ಪದವನ್ನು ಅವರು ರೆಕಾರ್ಡ್ ಮಾಡುತ್ತಿರಲಿಲ್ಲ. ಮೈಕು ಸಹ ಹೊರಗೆ ತೆಗೆಯುತ್ತಿರಲಿಲ್ಲ. ಚಹಾ ಕುಡಿಯುತ್ತ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಎಷ್ಟೋ ಸಲ ಆ ಮೊದಲ ಪದವೇ ಎಲ್ಲಕ್ಕಿಂತ ಚೆನ್ನಾಗಿ ಬಂದುಬಿಡುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು. ಒಮ್ಮೆ ಕೇಳಿಯೇಬಿಟ್ಟೆ.

"ಮೊದಲನೇ ಪದ ಮಷೀನಿಗಲ್ಲಲೇ," ಅಂದರು. "ಅದು ನಮಗ. ಅವರ ದನಿ ಎಲ್ಲಿ ಕುಂದರ್ತದ, ಎಲ್ಲಿ ಏಳ್ತದ ಅಂತ ತಿಳಕೊಳ್ಳಾಕ. ಅದು ತಿಳೀಲಿಲ್ಲಂದ್ರ ನೀ ಬರೇ ಗುಂಡಿ ಒತ್ತವ."

ಉಸ್ತಾದರ ಕಣ್ಣು ಮಂಜಾಗಿ ಅಂಗಡಿ ಮುಚ್ಚಿದಾಗ ಆ ಭಾರದ ಮಷೀನನ್ನು ನನಗೇ ಕೊಟ್ಟರು. ಅದನ್ನು ತೆಗೆದುಕೊಂಡು ರಾಯಚೂರಿಗೆ ಬಂದು, ಕೋಟೆ ಗುಡ್ಡದ ಕೆಳಗಿನ ಒಂದು ಓಣಿಯಲ್ಲಿ ಮನೆ ಹಿಡಿದೆ. ಅಷ್ಟು ಹೊತ್ತಿಗೆ ಕ್ಯಾಸೆಟ್ಟಿನ ಕಾಲ ಬಂದಿತ್ತು. ಚಹಾದಂಗಡಿ, ಕಟಿಂಗ್ ಶಾಪು, ಟ್ರ್ಯಾಕ್ಟರು, ಎಲ್ಲೆಲ್ಲೂ ಕ್ಯಾಸೆಟ್ಟು. ಭಜನಾ ಮಂಡಳಿಗಳು, ಅಲಾಯಿ ಪದದವರು, ಸೋಬಾನೆಯ ಹೆಣ್ಣುಮಕ್ಕಳು, ಎಲ್ಲರಿಗೂ ತಮ್ಮದೊಂದು ಕ್ಯಾಸೆಟ್ಟು ಬೇಕೆಂಬ ಆಸೆ. ಮನೆಯ ನಡುಮನೆಯನ್ನೇ ನಾನು ರೆಕಾರ್ಡಿಂಗಿನ ಕೋಣೆ ಮಾಡಿದೆ. ಗೋಡೆಗೆ ಬಡಿದ ದನಿ ಮರಳಿ ಬರಬಾರದೆಂದು ನನ್ನ ಹೆಂಡತಿ ನೀಲಮ್ಮ ಮನೆಯ ಕವುದಿಗಳನ್ನೆಲ್ಲ ಗೋಡೆಗೆ ತೂಗುಹಾಕಿದಳು. ಸಾಲದಾದಾಗ ತವರಿನಿಂದ ಇನ್ನೂ ನಾಲ್ಕು ತಂದಳು. ಆ ವರ್ಷ ಚಳಿಗಾಲದಲ್ಲಿ ನಾವು ಬರೀ ಚಾಪೆ ಹೊದ್ದು ಮಲಗಿದೆವು ಎಂದು ಓಣಿಯವರು ನಗೆಯಾಡುತ್ತಿದ್ದರು. ಅದು ಸುಳ್ಳಲ್ಲ.

ಮೊದಲೆರಡು ವರ್ಷ ಕೆಲಸ ನಿಧಾನ. ಒಂದು ಮಂಡಳಿ ಬಂದರೆ ಹಾರ್ಮೋನಿಯಂ ಎಲ್ಲಿ, ತಬಲಾ ಎಲ್ಲಿ, ತಾಳದವನನ್ನು ಎಷ್ಟು ದೂರ ಅಟ್ಟಬೇಕು ಎಂದು ನೋಡುವುದರಲ್ಲೇ ಮಧ್ಯಾಹ್ನ. ಹತ್ತು ಗಂಟೆಗೆ ಹತ್ತಿರದಲ್ಲೇ ಇದ್ದ ಹತ್ತಿ ಬೀಜ ಬಿಡಿಸುವ ಜಿನ್ನು ಶುರುವಾದರೆ ಅದರ ಸಪ್ಪಳ ಕವುದಿಯನ್ನೂ ದಾಟಿ ಬರುತ್ತಿತ್ತು. ಹೀಗಾಗಿ ನನ್ನ ಕೆಲಸವೆಲ್ಲ ಮುಂಜಾನೆ ಆರರಿಂದ ಹತ್ತರೊಳಗೆ ಮುಗಿಯಬೇಕು. ಆ ನಾಲ್ಕು ತಾಸಿನಲ್ಲಿ ಎರಡು ಪದ ಆದರೆ ಪುಣ್ಯ.

ಅದಕ್ಕಾಗಿ ನಾನೊಂದು ಉಪಾಯ ಕಟ್ಟಿದೆ. ಅದನ್ನು ಯಾರಿಂದಲೂ ಕಲಿಯಲಿಲ್ಲ, ಅದಕ್ಕೇ ಅದರ ಮೇಲೆ ನನಗೆ ವಿಪರೀತ ಮೋಹ. ನೆಲದ ಮೇಲೆ ಸುಣ್ಣದಿಂದ ಗುರುತು ಹಾಕಿದೆ: ಹಾಡುವವರು ಇಲ್ಲಿ, ಮೈಕಿನ ಕಾಲು ಇಲ್ಲಿ. ದನಿಗಳನ್ನು ಕೂಡಿಸುವ ಮಿಕ್ಸರಿನ ಒಂದೊಂದು ತಿರುಪಿಗೂ ನೀಲಮ್ಮನ ಉಗುರು ಬಣ್ಣದ ಚುಕ್ಕಿ ಇಟ್ಟೆ. ಗಂಡಸರ ದನಿಗೆ ಕೆಂಪು ಚುಕ್ಕಿಯವರೆಗೆ, ಹೆಂಗಸರ ದನಿಗೆ ಗುಲಾಬಿ ಚುಕ್ಕಿಯವರೆಗೆ. ಎಲ್ಲಕ್ಕಿಂತ ದೊಡ್ಡದು ತಯಾರು ಟೇಪು. ಉಸ್ತಾದರ ಸ್ಪೂಲ್ ಮಷೀನಿನಲ್ಲಿ ಹಾರ್ಮೋನಿಯಂ ಶ್ರುತಿ ಮತ್ತು ತಬಲಾವನ್ನು ಮೊದಲೇ ತುಂಬಿಟ್ಟುಕೊಳ್ಳುವುದು. ಭಜನೆಗೊಂದು, ತತ್ವಪದಕ್ಕೊಂದು, ಸೋಬಾನೆಗೊಂದು, ಅಲಾಯಿ ಪದಕ್ಕೊಂದು. ಹಾಡುವವರು ಬರಿಗೈಯಲ್ಲಿ ಬಂದರೆ ಸಾಕು. ಸುಣ್ಣದ ಗುರುತಿನ ಮೇಲೆ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ತಯಾರು ಟೇಪು ಬಿಡುವುದು. ಅವರು ಅದನ್ನು ಕೇಳುತ್ತ ಹಾಡಿದರೆ, ಟೇಪು ಮತ್ತು ದನಿ ಎರಡೂ ಕೂಡಿ ಕ್ಯಾಸೆಟ್ ರೆಕಾರ್ಡರಿಗೆ ಹೋಗುತ್ತಿದ್ದವು. ಆ ಕ್ಯಾಸೆಟ್ ರೆಕಾರ್ಡರನ್ನು ನಾನು ಬ್ಯಾಟರಿ ಸೆಲ್ಲಿನ ಮೇಲೆ ಓಡಿಸುತ್ತಿದ್ದೆ. ಕರೆಂಟಿಗೆ ಹಚ್ಚಿದರೆ ಅದು ಜೇನುಹುಳದಂತೆ ಗುಯ್‌ಗುಡುತ್ತಿತ್ತು.

ತಬಲಾ ನುಡಿಸಿದವರು ಮೈಬೂಬಸಾಬರು. ಹಗಲು ಅಕ್ಕಿ ಗಿರಣಿಯಲ್ಲಿ ಕೆಲಸ, ಬಿಡುವಾಗುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ಸಂಜೆ ಏಳರ ಸುಮಾರಿಗೆ ತಬಲಾದ ಗಂಟು ಹೆಗಲ ಮೇಲೆ ಹಾಕಿಕೊಂಡು ಬರುತ್ತಿದ್ದರು. ಊರಿನ ಬಲ್ಬುಗಳೆಲ್ಲ ಒಮ್ಮೆಲೇ ಹತ್ತುವ ಹೊತ್ತು ಅದು. ನಮ್ಮ ನಡುಮನೆಯ ಬಲ್ಬು ಲಾಟೀನಿನ ಬತ್ತಿಯಂತೆ ಕೆಂಪಗೆ ಮಿಣುಕುತ್ತಿತ್ತು. ರಾಯಚೂರಿನಲ್ಲಿ ಆಗ ಅದು ಹೊಸದೇನಲ್ಲ, ಯಾರೂ ಅದರ ಬಗ್ಗೆ ಮಾತಾಡುತ್ತಲೂ ಇರಲಿಲ್ಲ. ಹೆಂಗಸರ ಟೇಪಿಗೆ ಶ್ರುತಿ ಯಾವುದಿರಬೇಕು ಎಂದು ತಿಳಿಯಲು ನೀಲಮ್ಮನನ್ನು ಕೂರಿಸಿ ಗುನುಗಿಸಿದೆ. ಅವಳಿಗೆ ಸರಾಗವಾದ ಜಾಗದಲ್ಲೇ ಹಾರ್ಮೋನಿಯಂ ಒತ್ತಿದೆ. ಮೈಬೂಬಸಾಬರು ಹದವಾದ ನಡೆಯಲ್ಲಿ, ಎಲ್ಲೂ ಅವಸರವಿಲ್ಲದೆ, ತಾಸುಗಟ್ಟಲೆ ನುಡಿಸಿದರು.

ಮರುದಿನ ಮುಂಜಾನೆಯಿಂದಲೇ ಕೆಲಸ ಓಡತೊಡಗಿತು. ಎರಡು ಪದದ ಜಾಗದಲ್ಲಿ ಆರು. ಜನ ನನ್ನನ್ನು ಅಚ್ಚಿನ ಶಾಂತಪ್ಪ ಅನ್ನತೊಡಗಿದರು. ಬೆಲ್ಲದ ಪಾಕವನ್ನು ಅಚ್ಚಿಗೆ ಹೊಯ್ದ ಹಾಗೆ ಇವನು ಹಾಡನ್ನು ಹೊಯ್ದು ತೆಗೆಯುತ್ತಾನೆ ಎಂದು. ಅದರಲ್ಲಿ ಅರ್ಧ ಹೊಗಳಿಕೆ, ಅರ್ಧ ಕುಚೋದ್ಯ. ನಾನು ಪೂರ್ತಿ ಹೊಗಳಿಕೆ ಎಂದೇ ತೆಗೆದುಕೊಂಡೆ. ಉಸ್ತಾದರ ಮೊದಲ ಪದದ ನಿಯಮವನ್ನು ಆಗಲೇ ಕೈಬಿಟ್ಟೆ. ಶ್ರುತಿ, ತಾಳ, ಮೈಕು, ತಿರುಪು ಎಲ್ಲ ಮೊದಲೇ ನಿಶ್ಚಯವಾಗಿರುವಾಗ ಸುಮ್ಮನೆ ಕೇಳುತ್ತ ಕೂರುವುದು ಸಮಯಕ್ಕೆ ದಂಡ ಅನ್ನಿಸಿತು.

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ಮಾನ್ವಿಯಿಂದ ಪಂಪಣ್ಣ ಮಾಸ್ತರರೆಂಬ ಹಾರ್ಮೋನಿಯಂ ಮಾಸ್ತರರು ತಮ್ಮ ಪೆಟ್ಟಿಗೆ ತೆಗೆದುಕೊಂಡು ಬಂದಿದ್ದರು. ನನ್ನ ಟೇಪಿನ ಶ್ರುತಿ ಅವರ ಪೆಟ್ಟಿಗೆಯ ಯಾವ ಸ್ವರದ ಮನೆಗೂ ಕೂಡಲಿಲ್ಲ. ಕರಿ ಮನೆ ಒತ್ತಿದರೆ ತುಸು ಕೆಳಗೆ, ಬಿಳಿ ಮನೆ ಒತ್ತಿದರೆ ತುಸು ಮೇಲೆ. ನಾನು ಅವರ ಪೆಟ್ಟಿಗೆಯೇ ಕೆಟ್ಟಿದೆ, ರಿಪೇರಿ ಮಾಡಿಸಿರಿ ಎಂದೆ. ಪಾಪ, ಅವರು ಅದನ್ನು ಹೊತ್ತುಕೊಂಡು ಗದಗಿಗೆ ಹೋಗಿಬಂದರಂತೆ. ನಾನು ಟೇಪನ್ನು ಜೋರಾಗಿ ಹಚ್ಚಿ ನೋಡುವಾಗ ನೀಲಮ್ಮ ಒಲೆಯ ಮುಂದೆ ಕೂತು ಅದರ ಜೊತೆ ಗುನುಗಲು ನೋಡಿ, ಮುಂಜಾನೆ ನಿಮ್ಮ ಟೇಪಿಗೆ ಏನೋ ಅವಸರ ಇರುತ್ತದೆ ಎಂದು ಎರಡು ಸಲ ಹೇಳಿದ್ದಳು. ನಿನಗೇನು ತಿಳಿಯುತ್ತದೆ ಎಂದು ನಾನು ಬಾಯಿ ಮುಚ್ಚಿಸಿದೆ. ಮಂಡಳಿಯ ಗಂಡಸರು ಮಾತ್ರ ಏನೂ ಅನ್ನಲಿಲ್ಲ. ಅವರು ಮೊದಲೇ ಕಿರುಚಿ ಹಾಡುವವರು. ನಿಮ್ಮ ಕ್ಯಾಸೆಟ್ಟಿನಲ್ಲಿ ಹುರುಪು ಬಹಳ ಎಂದು ಹೊಗಳಿ ಹೋಗುತ್ತಿದ್ದರು.

ಇನ್ನು ಕುರ್ಡಿಯ ಈರಮ್ಮನ ಮಾತು. ಇದಕ್ಕಾಗಿಯೇ ಇಷ್ಟೆಲ್ಲ ಬರೆದದ್ದು.

ಈರಮ್ಮನನ್ನು ಮೊದಲು ಕೇಳಿದ್ದು ಪೋತ್ನಾಳದಲ್ಲಿ, ಒಂದು ಮನೆಯ ಭಜನೆಯಲ್ಲಿ. ನಾನು ಬೇರೆ ಕೆಲಸಕ್ಕೆ ಹೋದವನು, ಬಸ್ಸು ತಪ್ಪಿ ಆ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಒಳಗಿಂದ ಒಂದು ಹೆಣ್ಣು ದನಿ ಬಂತು. ದಪ್ಪ ದನಿ, ಕೆಳಗಿನಿಂದ ಏಳುವ ದನಿ. ಏಕತಾರಿಯ ತಂತಿಯ ಪಕ್ಕದಲ್ಲೇ ಇನ್ನೊಂದು ತಂತಿ ಮಿಡಿದ ಹಾಗೆ ಇತ್ತು. ಎದ್ದು ಹೋಗಿ ಬಾಗಿಲಲ್ಲಿ ನಿಂತು ನೋಡಿದೆ. ನಲವತ್ತೈದರ ಆಸುಪಾಸಿನ ಹೆಂಗಸು. ಭತ್ತದ ಗದ್ದೆಯಲ್ಲಿ ಸಸಿ ನೆಡುವ ಕೂಲಿಯವಳು, ಕುರ್ಡಿಯ ಭಜನೆಯಲ್ಲಿ ಮುಂದೆ ಕೂತು ಹಾಡುವವಳು ಈಕೆಯೇ ಎಂದು ಯಾರೋ ಹೇಳಿದರು. ಆ ದಿನ ಮುಂದಿನ ಬಸ್ಸನ್ನೂ ನಾನು ಬೇಕಂತಲೇ ತಪ್ಪಿಸಿಕೊಂಡೆ. ನನ್ನ ಜೀವಮಾನದಲ್ಲಿ ಒಂದು ದನಿಯನ್ನು ಟೇಪಿನಲ್ಲಿ ಇಟ್ಟುಕೊಳ್ಳಬೇಕು ಎಂದು ನಾನಾಗಿ ಆಸೆಪಟ್ಟದ್ದು ಅದೊಂದನ್ನೇ. ಉಳಿದವರೆಲ್ಲ ತಾವಾಗಿ ಬಂದವರು.

ನಾನೇ ಕುರ್ಡಿಗೆ ಹೋಗಿ ಕರೆದೆ. ಅವಳು ತಕ್ಷಣ ಒಪ್ಪಲಿಲ್ಲ. ಮಗಳನ್ನು ದೂರದ ಊರಿಗೆ ಕೊಟ್ಟಿದ್ದಳು, ಕ್ಯಾಸೆಟ್ಟು ಮಾಡಿದರೆ ಮಗಳು ಅಲ್ಲಿ ಕೇಳಬಹುದು ಎಂದ ಮೇಲೆ ಒಪ್ಪಿದಳು. ನಾಟಿ ಮುಗಿದ ಒಂದು ಸೋಮವಾರ ಬರುವುದೆಂದು ಮಾತಾಯಿತು. ಆರಕ್ಕೇ ಶುರು ಮಾಡೋಣ, ಮೊದಲ ಬಸ್ಸಿಗೆ ಬಾ ಎಂದಿದ್ದೆ. ಮೊದಲ ಬಸ್ಸಿನ ಗಾಲಿ ಪೋತ್ನಾಳದ ಆಚೆ ಪಂಕ್ಚರ್ ಆಗಿ, ಅವಳು ನಮ್ಮ ಮನೆ ಮುಟ್ಟಿದಾಗ ಒಂಬತ್ತೂವರೆ. ತೊಳೆದ ಸೀರೆ, ಬಟ್ಟೆಯಲ್ಲಿ ಸುತ್ತಿದ ಏಕತಾರಿ. ಬೆರಳ ಸಂದಿಯಲ್ಲಿ ಗದ್ದೆಯ ಕೆಸರು ಕಚ್ಚಿದ ಕಪ್ಪು ಗೆರೆಗಳು. ನೀಲಮ್ಮ ಕೊಟ್ಟ ನೀರು ಕುಡಿದು, ಸುಣ್ಣದ ಗುರುತಿನ ಮೇಲೆ ಕೂತು, ಏಕತಾರಿಯ ಬಟ್ಟೆ ಬಿಚ್ಚತೊಡಗಿದಳು. ಅದು ಬೇಕಾಗಿಲ್ಲ, ಶ್ರುತಿ ಟೇಪಿನಲ್ಲೇ ಇದೆ ಎಂದೆ. ಅವಳು ಅದನ್ನು ಗೋಡೆಯ ಕವುದಿಗೆ ಆನಿಸಿಟ್ಟಳು.

"ಒಂದು ಪದ ಹಂಗ ಹಾಡ್ಲೇನ್ರೀ ಮೊದಲ? ದನಿ ಬಿಡಬೇಕು," ಅಂದಳು.

ಜಿನ್ನು ಶುರುವಾಗಲು ಅರ್ಧ ತಾಸು ಮಾತ್ರ ಇತ್ತು. ಟೈಮಿಲ್ಲ ಎಂದೆ. ಸಂಗಪ್ಪ ಉಸ್ತಾದರು ವರ್ಷಗಟ್ಟಲೆ ಹೇಳಿಕೊಟ್ಟದ್ದನ್ನು ಅವಳು ತಾನಾಗಿ ನನ್ನ ಕೈಗೆ ಇಟ್ಟಳು, ನಾನು ಅದನ್ನು ತಳ್ಳಿದೆ. ಹೆಡ್‌ಫೋನು ಹಾಕಿದೆ. ನನ್ನ ಹತ್ತಿರ ಇದ್ದದ್ದು ಒಂದೇ ಜೊತೆ, ಅದು ಹಾಡುವವರಿಗೆ. ನಾನು ಬರೀ ಸೂಜಿ ನೋಡುತ್ತ, ಅವರ ಬರಿ ದನಿ ಕೇಳುತ್ತ ಕೂರುತ್ತಿದ್ದೆ. ತಯಾರು ಟೇಪು ಶುರುವಾದಾಗ ಅವಳು, ಇದರಲ್ಲಿ ಯಾರ ದನಿಯೂ ಇಲ್ಲವಲ್ಲ, ಯಾರ ಮುಂದೆ ಹಾಡಲಿ ಎಂದು ಕೇಳಿದಳು. ಗೋಡೆ ನೋಡಿ ಹಾಡು ಎಂದೆ.

ಹಾಡಿದಳು. ಪಲ್ಲವಿಯಲ್ಲೇ ದನಿ ಬಿಗಿಯಿತು. ಮೇಲಕ್ಕೆ ಹೋದಲ್ಲಿ ಒಡೆಯಿತು. ನಿಲ್ಲಿಸಿ ನೀರು ಕುಡಿಸಿದೆ. ಎರಡನೆಯ ಸಲವೂ ಹಾಗೆಯೇ, ಕುತ್ತಿಗೆಯ ನರ ಉಬ್ಬಿ, ಕಣ್ಣಲ್ಲಿ ನೀರು ಬಂತು. ಪೋತ್ನಾಳದಲ್ಲಿ ಕೇಳಿದ ದನಿ ಇದಲ್ಲ ಅನ್ನಿಸಿ ನನಗೆ ಸಿಟ್ಟು ಬರುತ್ತಿತ್ತು. ಆಸೆ ಇಟ್ಟುಕೊಂಡವನ ಸಿಟ್ಟು ಅದು. ಮೂರನೆಯ ಸಲ ಶುರು ಮಾಡಿದಾಗ ಗಂಟೆ ಹತ್ತಾಯಿತು. ಹೊರಗೆ ಜಿನ್ನು ಗುಡುಗಿತು, ನಡುಮನೆಯ ಬಲ್ಬು ಕೆಂಪಗಾಯಿತು. ಪಲ್ಲವಿ ಮುಗಿಸಿ ಚರಣಕ್ಕೆ ಬಂದವಳು ಅಲ್ಲಿಂದ ಮೆಲ್ಲಗೆ ಇಳಿಯತೊಡಗಿದಳು. ದನಿ ಕೆಳಕೆಳಗೆ ಬಂತು.

ಹೊಲ ನಂದಲ್ಲ, ಒಡ್ಡು ನಂದಲ್ಲ
ನಟ್ಟ ಸಸಿಯ ಹಸಿರು ನಂದವ್ವ

ಅಷ್ಟಕ್ಕೆ ನಾನು ಸಾಕು, ನಿಲ್ಲಿಸು ಎಂದೆ. ಶ್ರುತಿ ಬಿಟ್ಟು ಬೀಳುತ್ತಿದ್ದೀ ಎಂದೆ.

ಅವಳು ಹೆಡ್‌ಫೋನು ತೆಗೆದು ಕೈಯಲ್ಲಿ ಹಿಡಿದು, "ಅದು ಇಳೀತ್ರೀ. ಅದು ಇಳಿದದ್ದಕ್ಕ ನಾನೂ ಇಳಿದೆ," ಅಂದಳು.

"ಟೇಪು ಇಳೀತದೇನು? ಮಷೀನು ಅದು," ಅಂದೆ. ಅಲ್ಲಿಗೂ ನಿಲ್ಲಲಿಲ್ಲ. "ನಿನ್ನ ದನಿ ಹೋಗ್ಯದ ಈರಮ್ಮ. ವಯಸ್ಸಾತು."

ಪಂಪಣ್ಣ ಮಾಸ್ತರರಿಗೆ ನಿಮ್ಮ ಪೆಟ್ಟಿಗೆ ಕೆಟ್ಟಿದೆ ಎಂದು ಬಹುವಚನದಲ್ಲಿ ಹೇಳಿದ್ದೆ. ಇವಳಿಗೆ ಏಕವಚನ. ಬರೆಯುವಾಗ ಅದೂ ಕಾಣುತ್ತಿದೆ. ಅವಳು ಏಕತಾರಿಗೆ ಬಟ್ಟೆ ಸುತ್ತಿ, ನೀಲಮ್ಮನಿಗೆ ಹೋಗಿಬರುತ್ತೇನೆ ಎಂದು ಹೇಳಿ ಹೋದಳು. ಊಟ ಮಾಡಿ ಹೋಗು ಎಂದು ನೀಲಮ್ಮ ಅಂದರೂ ನಿಲ್ಲಲಿಲ್ಲ. ನಾನು ಆ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಕೇಳಲೂ ಇಲ್ಲ, ಮತ್ತೆ ಯಾವುದಕ್ಕಾದರೂ ಬಳಸೋಣವೆಂದು ಡಬ್ಬಿಗೆ ಎಸೆದೆ. ಮೂರು ತಿಂಗಳ ಮೇಲೆ ಸುದ್ದಿ ಬಂತು. ಕುರ್ಡಿ ಈರಮ್ಮ ಈಗ ಮುಂದೆ ಕೂತು ಹಾಡುವುದಿಲ್ಲವಂತೆ. ರಾಯಚೂರಿನಲ್ಲಿ ಮಷೀನು ಇಟ್ಟು ನೋಡಿದರಂತೆ, ದನಿ ಹೋಗಿದೆಯಂತೆ. ಹೌದು, ಪಾಪ ಎಂದೆ ನಾನು.

ಎರಡು ವರ್ಷ ಹೀಗೆ ಕಳೆಯಿತು. ಒಂದು ದಿನ ಗಿರಣಿಗೆ ರಜೆ ಇತ್ತೆಂದು ಮೈಬೂಬಸಾಬರು ಮುಂಜಾನೆ ಬಂದರು. ಅಷ್ಟು ವರ್ಷದಲ್ಲಿ ಅವರು ಮುಂಜಾನೆ ನಮ್ಮ ಮನೆಗೆ ಬಂದದ್ದು ಅದೇ ಮೊದಲು. ನಾನು ಸೋಬಾನೆಯವರಿಗಾಗಿ ತಯಾರು ಟೇಪು ಹಚ್ಚಿ ನೋಡುತ್ತಿದ್ದೆ. ಅವರು ಚಹಾದ ಬಸಿ ಕೆಳಗಿಟ್ಟು, ಯಾರು ಇದನ್ನು ನುಡಿಸಿದ್ದು ಎಂದು ಕೇಳಿದರು. ನೀವೇ ಅಲ್ಲವೇ ಎಂದು ನಕ್ಕೆ. ಅವರು ನಗಲಿಲ್ಲ.

"ಇದು ನನ್ನ ಕೈ ಅಲ್ಲ ಶಾಂತಪ್ಪಾ," ಅಂದರು. "ನಾ ಇಷ್ಟು ಅವಸರದವ ಅಲ್ಲ."

ವಾದ ಮಾಡಿದೆ. ಅವರು ಮನೆಗೆ ಹೋಗಿ ತಬಲಾ ತಂದು, ಟೇಪಿನ ಜೊತೆ ನುಡಿಸಿ ತೋರಿಸಿದರು. ತಬಲಾದ ದನಿ ಕೆಳಗೆ, ಟೇಪಿನ ದನಿ ಮೇಲೆ. ಸಂಜೆ ಮತ್ತೆ ಬರ್ರಿ ಎಂದೆ. ಸಂಜೆ ಏಳಕ್ಕೆ ಅದೇ ಟೇಪು, ಅದೇ ತಬಲಾ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿತು. ಇಬ್ಬರೂ ಮುಖ ನೋಡಿಕೊಂಡೆವು. ಅವರ ಕಣ್ಣು ಬಲ್ಬಿನ ಕಡೆ ಹೋಯಿತು. ಅದು ಕೆಂಪಗೆ ಮಿಣುಕುತ್ತಿತ್ತು. ಆಗ ನನಗೆ ಎಲ್ಲ ಬಿಚ್ಚಿಕೊಂಡಿತು. ಉಸ್ತಾದರ ಮುದಿ ಮಷೀನು ಕರೆಂಟು ಬಳಲಿದರೆ ತಾನೂ ಬಳಲುವ ಜಾತಿಯದು. ಸಂಜೆಯ ಬಡ ಕರೆಂಟಿನಲ್ಲಿ ಅದು ನಿಧಾನವಾಗಿ ತಿರುಗುತ್ತ ತುಂಬಿಕೊಂಡದ್ದನ್ನು, ಮುಂಜಾನೆಯ ತುಂಬು ಕರೆಂಟಿನಲ್ಲಿ ಜೋರಾಗಿ ತಿರುಗುತ್ತ ಬಿಡುತ್ತಿತ್ತು. ಶ್ರುತಿ ಒಂದು ಮನೆಗಿಂತ ಹೆಚ್ಚು ಮೇಲೇರುತ್ತಿತ್ತು, ತಾಳ ಓಡುತ್ತಿತ್ತು. ಎರಡು ವರ್ಷಕ್ಕೂ ಮಿಕ್ಕಿ ನಾನು ಬಂದವರನ್ನೆಲ್ಲ ಅವರದಲ್ಲದ ಎತ್ತರಕ್ಕೆ ಏರಿಸಿ ಹಾಡಿಸಿದ್ದೆ.

ಮಂಡಳಿಯವರು ನೆನಪಾಗಲಿಲ್ಲ, ಪಂಪಣ್ಣ ಮಾಸ್ತರರೂ ಆಗಲಿಲ್ಲ. ಅದು ಇಳೀತ್ರೀ ಎಂದ ಈರಮ್ಮ ನೆನಪಾದಳು. ಆ ಹತ್ತು ಗಂಟೆಗೆ ಜಿನ್ನು ಶುರುವಾಗಿ ಬಲ್ಬು ಕೆಂಪಗಾದದ್ದು ನೆನಪಾಯಿತು. ಡಬ್ಬಿಯಲ್ಲಿದ್ದ ಕ್ಯಾಸೆಟ್ಟುಗಳನ್ನೆಲ್ಲ ನೆಲಕ್ಕೆ ಸುರುವಿದೆ. ಅವಳದು ಇರಲಿಲ್ಲ. ಯಾವ ಭಜನೆಯ ಕೆಳಗೆ ಅಳಿಸಿ ಹೋಯಿತೋ ಎಂದು ಒಂದೊಂದನ್ನೇ ಮತ್ತೆ ತಿರುವಿ ನೋಡಿದೆ. ನೀಲಮ್ಮ ಒಳಗೆ ಹೋಗಿ ತನ್ನ ಬಳೆಯ ಪೆಟ್ಟಿಗೆಯಿಂದ ಅದನ್ನು ತಂದು ಕೊಟ್ಟಳು. ಆ ದಿನವೇ ತೆಗೆದಿಟ್ಟಿದ್ದಳಂತೆ. ಯಾಕೆ ಎಂದು ಕೇಳಿದ್ದಕ್ಕೆ, ಆಕೆಯ ದನಿ ಇದೆ, ಅಳಿಸಬಾರದು ಅನ್ನಿಸಿತು ಎಂದಳು. ಮೂವರೂ ಕೂತು ಕೇಳಿದೆವು. ಮೊದಲೆರಡು ಸಲದ್ದು ಕೇಳಲಾಗದು. ಮೂರನೆಯ ಸಲ, ಚರಣದ ಹತ್ತಿರ, ಹಿಂದಿನ ಹಾರ್ಮೋನಿಯಂ ಮತ್ತು ತಬಲಾ ಬಳಲಿ ಇಳಿಯತೊಡಗುತ್ತವೆ. ಅವಳ ದನಿ ಅವುಗಳ ಕೈ ಹಿಡಿದುಕೊಂಡು, ಒಂದೆಳೆ ಹಿಂದೆಮುಂದೆ ಆಗದೆ, ಮೆಟ್ಟಿಲು ಇಳಿದ ಹಾಗೆ ಇಳಿದು ಬಂದು ತನ್ನ ಜಾಗದಲ್ಲಿ ಕೂರುತ್ತದೆ. ಅಷ್ಟು ಸೂಕ್ಷ್ಮ ಕಿವಿ ನಾನು ಮತ್ತೆ ಯಾರಲ್ಲೂ ಕಾಣಲಿಲ್ಲ. ಆಮೇಲೆ ಎರಡು ಸಾಲು, ಪೋತ್ನಾಳದ ಕಟ್ಟೆಯ ಮೇಲೆ ಕೇಳಿದ ಅದೇ ದನಿ. ಅದರ ಬೆನ್ನಿಗೇ ನನ್ನ ದನಿ: ಸಾಕು, ನಿಲ್ಸು. ಮೈಬೂಬಸಾಬರು ತಬಲಾ ಗಂಟು ಕಟ್ಟಿದರು.

ಮರುದಿನ ಸೆಲ್ಲಿನ ಟೇಪ್ ರೆಕಾರ್ಡರ್ ತೆಗೆದುಕೊಂಡು ಕುರ್ಡಿಗೆ ಹೋದೆ. ಈರಮ್ಮ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ಚಾಪೆ ಹಾಸಿದಳು. ನಡೆದದ್ದನ್ನೆಲ್ಲ ಹೇಳಿದೆ, ಕರೆಂಟು, ಮಷೀನು, ಜಿನ್ನು, ಎಲ್ಲ. ತಪ್ಪು ನನ್ನದು, ನಿಮ್ಮ ದನಿಗೆ ಏನೂ ಆಗಿರಲಿಲ್ಲ ಎಂದೆ. ನಾನು ಬಹುವಚನಕ್ಕೆ ತಿರುಗಿದ್ದನ್ನು ಅವಳು ಗಮನಿಸಿದಳೋ ಇಲ್ಲವೋ. ಕ್ಯಾಸೆಟ್ಟು ಹಚ್ಚಿದೆ. ಮೊರ ತೊಡೆಯ ಮೇಲಿಟ್ಟುಕೊಂಡು, ತಲೆ ತಗ್ಗಿಸಿ ಕೇಳಿದಳು. ನನ್ನ ಸಾಕು ಬಂದಾಗ ನಾನು ಗುಂಡಿ ಒತ್ತಿ ನಿಲ್ಲಿಸಿದೆ.

"ಹಂಗಾರ ಅದು ಇಳಿದದ್ದು ಖರೆ," ಅಂದಳು.

"ಖರೆ," ಅಂದೆ.

"ದನಿ ಹೋದ್ರ ಹೋಗ್ಲಿ ಅಂತ ಬಿಟ್ಟಿದ್ದೆ ನೋಡ್ರಿ. ದನಿ ಯಾರದು ಉಳೀತದ. ಕಿವಿನೂ ಹೋತೇನು ಅಂತ ಎರಡು ವರ್ಷ ಭಾಳ ಕಷ್ಟ ಆತು. ಹಾಡಾಕ ಬಾಯಿ ತೆಗದ್ರ, ಇದು ಶ್ರುತಿ ಹೌದೋ ಅಲ್ಲೋ ಅಂತ ಗೊತ್ತೇ ಆಗ್ತಿದ್ದಿಲ್ಲ."

ನನಗೆ ಅಳು ಬಂತು. ಅವಳು ನೋಡದ ಹಾಗೆ ಮಾಡಿ ಅಕ್ಕಿಯಲ್ಲಿನ ಹರಳು ಆರಿಸಿದಳು. ನಾನು ಮಂಡಳಿಯ ಹಿರಿಯರಿಗೆ ಎಲ್ಲ ಹೇಳುತ್ತೇನೆ, ನೀವು ಮತ್ತೆ ಮುಂದೆ ಕೂರಬೇಕು ಎಂದೆ. ಅದು ಆಗುವ ಮಾತಲ್ಲ ಎಂದಳು. ಮುಂದೆ ಕೂರುವವಳು ಏಕತಾರಿಯನ್ನು ಇನ್ನೊಬ್ಬಳ ಕೈಗೆ ಕೊಟ್ಟ ಮೇಲೆ ತಿರುಗಿ ಕೇಳುವುದು ಅವರಲ್ಲಿ ಇಲ್ಲ. ಕೊಟ್ಟದ್ದು ಕೊಟ್ಟದ್ದೇ. ಈಗ ಹಾಡುವವಳು ಚೆನ್ನಾಗಿಯೇ ಹಾಡುತ್ತಾಳೆ ಎಂದೂ ಹೇಳಿದಳು. ಹಾಗೆ ಹೇಳುತ್ತ ಹೇಳುತ್ತ ಮೊರದ ಅಂಚಿಗೆ ಬೆರಳಿನಿಂದ ತಾಳ ಹಾಕತೊಡಗಿದಳು. ಆಮೇಲೆ ನಾನು ತಡೆದ ಜಾಗದಿಂದ, ಆ ಚರಣದ ಉಳಿದ ಎರಡು ಸಾಲನ್ನು ಹಾಡಿ ಮುಗಿಸಿದಳು. ಏಕತಾರಿ ಇಲ್ಲ, ಟೇಪು ಇಲ್ಲ. ದನಿ ನೆಟ್ಟಗೆ ತನ್ನ ಜಾಗದಲ್ಲೇ ಬಂದು ಕೂತಿತು.

ಟೇಪ್ ರೆಕಾರ್ಡರ್ ನನ್ನ ಮುಂದೆಯೇ ಇತ್ತು. ಕೆಂಪು ಗುಂಡಿ ಬೆರಳಿನ ಅಳತೆಯಲ್ಲಿತ್ತು. ಮೊದಲ ಪದ ಮಷೀನಿಗಲ್ಲ. ಕೈ ಏಳಲಿಲ್ಲ. ಎರಡನೆಯ ಪದವನ್ನಾದರೂ ತುಂಬಿಕೊಳ್ಳೋಣವೆಂದು, ಇನ್ನೊಮ್ಮೆ ರಾಯಚೂರಿಗೆ ಬರ್ರಿ ಎಂದೆ.

"ಬ್ಯಾಡ್ರೀ. ಕೇಳ್ಬೇಕಂದ್ರ ಅಮಾಸಿಗೆ ಬರ್ರಿ. ಹಿಂದ ಕುಂತಿರ್ತೀನಿ," ಅಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಸ್ಟೆಬಿಲೈಸರ್ ಕೊಂಡೆ. ತಯಾರು ಟೇಪುಗಳನ್ನೆಲ್ಲ ಹೊಸದಾಗಿ ತುಂಬಿದೆ. ಬಿಟ್ಟುಬಿಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅವು ಕೆಲಸಕ್ಕೆ ಬರುವ ವಸ್ತು, ಮಂಜುಳಾಳ ಫೈಲೂ ಹಾಗೆಯೇ. ಆದರೆ ಮೊದಲ ಪದವನ್ನು ಮತ್ತೆ ಸುಮ್ಮನೆ ಕೇಳತೊಡಗಿದೆ. ಆರರ ಜಾಗದಲ್ಲಿ ಮೂರು ಪದ ಆಗತೊಡಗಿದವು. ದಶಕ ಮುಗಿಯುವ ಹೊತ್ತಿಗೆ ತಾಳವನ್ನೂ ತಾನೇ ನುಡಿಸುವ ಕೀಬೋರ್ಡು ಪೇಟೆಗೆ ಬಂತು, ಅವಸರದವರು ಆ ಕಡೆ ಹೋದರು. ಪಂಪಣ್ಣ ಮಾಸ್ತರರ ಮನೆಗೂ ಹೋಗಿ ತಪ್ಪೊಪ್ಪಿಕೊಂಡೆ. ಅವರು ಗದಗಿನ ಬಸ್ ಚಾರ್ಜು ಕೊಡು ಎಂದು ತಮಾಷೆ ಮಾಡಿ ಊಟ ಹಾಕಿದರು.

ಕೈಲಾದಾಗಲೆಲ್ಲ ಅಮಾವಾಸ್ಯೆಗೆ ಕುರ್ಡಿಗೆ ಹೋಗುತ್ತಿದ್ದೆ. ಮಷೀನು ಒಯ್ಯುತ್ತಿರಲಿಲ್ಲ. ಸಂಜೆ ಭಜನೆ ಶುರುವಾದಾಗ ಗೋಡೆಗೆ ಆನಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದೆ. ಮುಂದಿನವಳು ಒಂದು ಸಾಲು ಹಾಡಿದರೆ ಹಿಂದಿನ ಹತ್ತಿಪ್ಪತ್ತು ಜನ ಅದನ್ನು ಎತ್ತಿಕೊಳ್ಳುತ್ತಿದ್ದರು. ಆ ಗುಂಪಿನ ತಳದಲ್ಲಿ, ಎಲ್ಲರನ್ನೂ ಹೊತ್ತುಕೊಂಡ ಹಾಗೆ, ಒಂದು ದಪ್ಪ ದನಿ. ಅದನ್ನು ಹುಡುಕಿ ಹಿಡಿಯುವುದೇ ನನ್ನ ಕೆಲಸ. ನನ್ನ ಕಿವಿ ಅಷ್ಟು ಸುಖಪಟ್ಟದ್ದು ಬೇರೆ ಎಲ್ಲೂ ಇಲ್ಲ. ಇಷ್ಟು ವರ್ಷವಾದ ಮೇಲೂ ಅಮಾವಾಸ್ಯೆಯ ಸಂಜೆ ನನಗೆ ಮನೆಯಲ್ಲಿ ಕೂರಲಾಗುವುದಿಲ್ಲ. ಒಂದು ಅಮಾವಾಸ್ಯೆ ಮುಂದಿನವಳು ಸಾಲು ಹಾಡಿದಳು, ಹಿಂದಿನವರು ಎತ್ತಿಕೊಂಡರು. ಕಣ್ಣು ತೆರೆಯುವ ಮೊದಲೇ ನನಗೆ ಗೊತ್ತಾಯಿತು. ಆಮೇಲೆ ಯಾರೋ ಹೇಳಿದರು, ಈರಮ್ಮ ತೀರಿಕೊಂಡದ್ದು ಹೋದ ವಾರವೇ ಎಂದು.

ಮಂಜುಳಾ ಮೊನ್ನೆ ಆ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಹಾಕಿದಳು. ಸುಯ್ ಸದ್ದನ್ನೆಲ್ಲ ತೆಗೆದು, ನಿಮ್ಮ ಸಾಕು ಅನ್ನೋದನ್ನೂ ಕತ್ತರಿಸಿಬಿಡಲೇ ಎಂದು ಕೇಳಿದಳು. ಬೇಡ ಎಂದೆ. ಅದು ಇರಲಿ. ಅವಳು ಎಲ್ಲಿ ನಿಂತಳು, ಯಾರು ನಿಲ್ಲಿಸಿದರು ಎಂಬುದಕ್ಕೆ ಅದೊಂದೇ ಗುರುತು. ಮುಂದಿನ ಎರಡು ಸಾಲು ಯಾವ ಟೇಪಿನಲ್ಲೂ ಇಲ್ಲ. ಕುರ್ಡಿಯ ಅಂಗಳದಲ್ಲಿ, ಮೊರದ ತಾಳಕ್ಕೆ, ಒಮ್ಮೆ ಕೇಳಿದ್ದು ಹೀಗೆ:

ಕೊಯ್ದವರ್ಯಾರೋ ಉಂಡವರ್ಯಾರೋ
ಕೆಸರಿನ ವಾಸನಿ ಕೈಯಾಗ ನಂದವ್ವ

ಬರೆದರೆ ಇಷ್ಟೇ ಬರುತ್ತದೆ. ದನಿ ಬರುವುದಿಲ್ಲ.